ಒಲೆಯ ಸೀಸ, ಲೇಥಿನ ತಾಮ್ರ

ನಮ್ಮ ಹುನಗುಂದ ಸೀಮೆಯಲ್ಲಿ ಬಿಳಿಜೋಳದ ತೆನೆ ಹಾಲು ತುಂಬೋ ಹೊತ್ತಿಗೆ ಹೊಲದ ನಡುವೆ ಒಂದು ಮಂಚಿಗೆ ಏಳುತ್ತಿತ್ತು. ನಾಲ್ಕು ಗೂಟ, ಮೇಲೊಂದಿಷ್ಟು ಕಟ್ಟಿಗೆ, ಅದರ ಮೇಲೆ ಕವಣಿ ಹಿಡಿದ ಒಬ್ಬ ಹುಡುಗ. ಆ ಹುಡುಗ ನಾನು. ಸಾಲಿ ಬಿಟ್ಟ ಮೇಲೆ ಹಕ್ಕಿ ಕಾಯೋದು ನನ್ನ ಡ್ಯೂಟಿ. ಕವಣಿ ಬೀಸೋಕ್ಕಿಂತ ಮೊದಲು ಅಜ್ಜ ನನ್ನನ್ನು ಹಳ್ಳಕ್ಕೆ ಕಳಿಸಿ ಕಲ್ಲು ಆರಿಸಿ ತರಿಸುತ್ತಿದ್ದ. ನಾನು ದೊಡ್ಡ ದೊಡ್ಡ ಕಲ್ಲು ತಂದರೆ ಅರ್ಧಕ್ಕರ್ಧ ಚೆಲ್ಲಿಬಿಡೋನು. "ದೊಡ್ಡದು ತಗೊಂಡು ಏನ್ ಮಾಡ್ತಿ? ಎಲ್ಲಾ ಒಂದ ನಮೂನಿವು ಇರಬೇಕು. ಒಂದ ಅಳತಿ, ಒಂದ ತೂಕ. ಆಗ ಕೈ ಹದಕ್ಕ ಬರ್ತದ." ಹಕ್ಕಿಗೆ ತಾಗೋದು ಯಾರಿಗೂ ಬೇಕಿರಲಿಲ್ಲ, ಹಾರಿದರೆ ಸಾಕಿತ್ತು. ಆದರೂ ಅಜ್ಜ ಕಲ್ಲಿನ ವಿಷಯದಲ್ಲಿ ರಾಜಿ ಆಗುತ್ತಿರಲಿಲ್ಲ.

ಇದು ಮತ್ತೆ ನೆನಪಾಗಿದ್ದು ಕಳೆದ ವರ್ಷ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ. ಇಳಕಲ್ಲಿನ ನನ್ನ ಗೆಳೆಯನೊಬ್ಬ ಹತ್ತು ವರ್ಷದಿಂದ ಅಮೆರಿಕದ ಅರಿಝೋನಾದಲ್ಲಿದ್ದಾನೆ. ಬಿಇ ಓದುವಾಗ ಒಂದೇ ರೂಮಿನಲ್ಲಿದ್ದವರು ನಾವು. ಅವನಿಗೆ ಈಗ ದೂರದ ಗುರಿ ಹೊಡೆಯುವ ಹವ್ಯಾಸ. ಶನಿವಾರ ಬೆಳಗ್ಗೆ ಎದ್ದು ಕಾರಿನಲ್ಲಿ ರೈಫಲ್ ಇಟ್ಟುಕೊಂಡು ರೇಂಜಿಗೆ ಹೋಗಿ, 1000 ಗಜ, ಅಂದರೆ 914 ಮೀಟರ್ ಆಚೆ ಇರುವ ಕಾಗದದ ಗುರಿಗೆ ಹೊಡೆದು ಬರುತ್ತಾನೆ. ಒಂದು ದಿನ ಫೋನ್ ಮಾಡಿದ.

"ಲೇ ದೋಸ್ತ, ನಂಗೊಂದು ಲೆಕ್ಕ ಮಾಡಿ ಕೊಡು. ಗುಂಡು ಚೇಂಜ್ ಮಾಡಬೇಕಂತ ಮಾಡೀನಿ. ಇಷ್ಟು ದಿನ ಒಳಗ ಸೀಸ, ಮ್ಯಾಲೆ ತಾಮ್ರದ ಪದರ ಇರೋದು ಹೊಡೀತಿದ್ದೆ. ಈಗ ಎಲ್ಲಾರೂ ಪೂರ್ತಿ ತಾಮ್ರದ್ದ ತಗೋ ಅನ್ನಾಕತ್ತಾರ. ರೊಕ್ಕ ಬಾಳ ಆಗ್ತದ. ತಗೊಳ್ಳೋದೋ ಬ್ಯಾಡೋ?"

ಬಂದೂಕು ಹಿಡಿದವನಲ್ಲ ನಾನು. ಆದರೆ ಲೆಕ್ಕ ಅಂದರೆ ಬಿಡೋದಿಲ್ಲ. ಎರಡು ರಾತ್ರಿ ಕೂತು ಪೈಥಾನ್‌ನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದೆ. ಅದನ್ನು ಬರೆಯುತ್ತಾ ಓದಿದ್ದು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿ ಕೊನೆಗೆ ನಮ್ಮ ಜಿಲ್ಲೆಯ ಹಲಗಲಿಗೇ ತಂದು ನಿಲ್ಲಿಸಿತು. ಅದನ್ನೇ ಇಲ್ಲಿ ಹೇಳಬೇಕು ಅಂತ.

ಮೊದಲು ಲೆಕ್ಕ ಮುಗಿಸಿಬಿಡೋಣ. ನಾವು ಗುಂಡು ಅಂತ ಕರೆಯೋದು ಸಾಮಾನ್ಯವಾಗಿ ಇಡೀ ತೋಟಾವನ್ನ. ನಿಜವಾದ ಗುಂಡು ಅದರ ಮೂತಿಯಲ್ಲಿರುವ ಲೋಹದ ತುಂಡು ಮಾತ್ರ. ಹಾರಿ ಹೋಗೋದು ಅದೊಂದೇ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ಹಾಗಾಗಿ ಅಷ್ಟೇ ದಪ್ಪ, ಅಷ್ಟೇ ತೂಕದ ಗುಂಡನ್ನು ತಾಮ್ರದಲ್ಲಿ ಮಾಡಿದರೆ ಅದು ಉದ್ದ ಆಗುತ್ತದೆ. ಉದ್ದವಾದ ಗುಂಡು ಗಾಳಿಯಲ್ಲಿ ತಲೆಕೆಳಗಾಗದೆ ಹೋಗಬೇಕಾದರೆ ಬುಗುರಿಯ ಹಾಗೆ ಇನ್ನೂ ಜೋರಾಗಿ ತಿರುಗಬೇಕು. ತಿರುಗಿಸೋದು ನಳಿಗೆಯೊಳಗಿನ ಸುರುಳಿ ಗೀರು. ಎಷ್ಟು ಇಂಚಿಗೆ ಒಂದು ಸುತ್ತು ಅನ್ನೋದನ್ನು ಟ್ವಿಸ್ಟ್ ಅಂತಾರೆ.

ಇದಕ್ಕೊಂದು ಸೂತ್ರವನ್ನು 1879ರಲ್ಲೇ ಇಂಗ್ಲೆಂಡಿನ ವುಲಿಚ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದ ಜಾರ್ಜ್ ಗ್ರೀನ್‌ಹಿಲ್ ಕೊಟ್ಟಿದ್ದ. ಗುಂಡಿನ ದಪ್ಪದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಆಯ್ತು. ಲೋಹ ಹಗುರವಾದರೆ ಅದಕ್ಕೊಂದು ಸಣ್ಣ ತಿದ್ದುಪಡಿ. ಗೆಳೆಯನ ರೈಫಲ್ಲಿನ ಗುಂಡಿನ ದಪ್ಪ 0.308 ಇಂಚು. ಸೀಸದ ಗುಂಡು ಒಂದೂಕಾಲು ಇಂಚು ಉದ್ದ ಇದ್ದರೆ ಸುಮಾರು ಹನ್ನೊಂದೂವರೆ ಇಂಚಿಗೆ ಒಂದು ಸುತ್ತು ಸಾಕು. ತಾಮ್ರದ್ದು 1.45 ಇಂಚು ಉದ್ದ ಅಂತ ಹಿಡಿದರೆ ಒಂಬತ್ತು ಇಂಚಿಗೇ ಒಂದು ಸುತ್ತು ಬೇಕು. ಈಗ ಇದಕ್ಕಿಂತ ಒಳ್ಳೆ ಸೂತ್ರಗಳಿವೆ, ಆದರೆ ದಿಕ್ಕು ತಿಳಿಯೋಕೆ ಮುದುಕನ ಸೂತ್ರವೇ ಸಾಕು. ಹನ್ನೆರಡು ಇಂಚಿಗೆ ಒಂದು ಸುತ್ತಿನ ಹಳೆಯ ನಳಿಗೆಗೆ ಉದ್ದನೆಯ ತಾಮ್ರದ ಗುಂಡು ಹಾಕಿದರೆ ಅದು ಗುರಿ ಮುಟ್ಟೋ ಹೊತ್ತಿಗೆ ಅಡ್ಡ ತಿರುಗಿರುತ್ತದೆ. ಕಾಗದದ ಮೇಲೆ ದುಂಡನೆ ತೂತಿನ ಬದಲು ಬೀಗದ ಕೈ ತೂತಿನಂಥ ಸೀಳು ಬೀಳುತ್ತದೆ.

ಹಾಗಾದರೆ ತಾಮ್ರ ಯಾಕೆ? ಅಜ್ಜನ ಕಲ್ಲಿನ ಕಾರಣಕ್ಕೆ. ಸೀಸ ತುಂಬಿದ ಗುಂಡಿನಲ್ಲಿ ಎರಡು ಲೋಹ. ಮೇಲಿನ ಪದರ ಒಂದು ಕಡೆ ಕೂದಲೆಳೆಯಷ್ಟು ದಪ್ಪ ಇದ್ದರೂ, ಒಳಗಿನ ಸೀಸ ಸ್ವಲ್ಪ ಓರೆಯಾಗಿ ಕೂತಿದ್ದರೂ ತೂಕದ ನಡು ತಪ್ಪುತ್ತದೆ. ಸೆಕೆಂಡಿಗೆ 2700 ಅಡಿ ವೇಗದಲ್ಲಿ, ಒಂಬತ್ತು ಇಂಚಿಗೆ ಒಂದು ಸುತ್ತು ಅಂದರೆ ನಿಮಿಷಕ್ಕೆ 2 ಲಕ್ಷ 16 ಸಾವಿರ ಸುತ್ತು. ಆ ತಿರುಗಾಟದಲ್ಲಿ ಯಾವ ಸಣ್ಣ ತಪ್ಪೂ ಸಣ್ಣದಾಗಿ ಉಳಿಯೋದಿಲ್ಲ. ಪೂರ್ತಿ ತಾಮ್ರದ ಗುಂಡನ್ನು ಒಂದೇ ಸರಳಿನಿಂದ ಕಂಪ್ಯೂಟರ್ ಲೇಥ್‌ನಲ್ಲಿ ತಿರುವಿ ತೆಗೆಯುತ್ತಾರೆ. ಹತ್ತು ಗುಂಡು ತೂಗಿದರೆ ಹತ್ತೂ ಒಂದೇ ಥರ. ಮೂತಿಯನ್ನು ಸೂಜಿಯಷ್ಟು ಚೂಪಾಗಿ, ಬಾಲವನ್ನು ದೋಣಿಯ ಹಾಗೆ ಸಣ್ಣಗೆ ಮಾಡಬಹುದು. ಗಾಳಿ ಕಡಿಮೆ ತಡೆಯುತ್ತದೆ. ತೊಂದರೆಯೂ ಇವೆ. ತಾಮ್ರ ಗಟ್ಟಿ, ನಳಿಗೆಯ ಗೀರಿಗೆ ಕಚ್ಚಿಕೊಳ್ಳುವಾಗ ಒತ್ತಡ ಜಾಸ್ತಿ. ಹಾಗಾಗಿ ಮೈಮೇಲೆ ಉಂಗುರ ಉಂಗುರವಾಗಿ ಗಾಡಿ ಕೊರೆದಿರುತ್ತಾರೆ, ಸೀಸದ ಗುಂಡಿಗೆ ಹಾಕುತ್ತಿದ್ದ ಮದ್ದಿನ ಅಳತೆಯನ್ನೇ ಕಣ್ಣು ಮುಚ್ಚಿ ಹಾಕಬಾರದು ಅಂತಲೂ ಹೇಳುತ್ತಾರೆ.

ನಾನು ಗೆಳೆಯನಿಗೆ ಕೊಟ್ಟ ಉತ್ತರ ಇಷ್ಟೇ: 1000 ಗಜಕ್ಕೇ ನಿಲ್ಲಿಸೋದಾದರೆ ಹಳೆಯದೇ ಸಾಕು, ಅಲ್ಲಿ ಸೀಸದ ಒಳ್ಳೆ ಗುಂಡುಗಳೇ ಇವತ್ತಿಗೂ ಪಂದ್ಯ ಗೆಲ್ಲುತ್ತಿವೆ. ಒಂದು ಮೈಲಿ, ಎರಡು ಮೈಲಿ ಅಂತ ಹೊರಟರೆ ಮಾತ್ರ ತಾಮ್ರ, ಅದಕ್ಕೂ ಮೊದಲು ನಳಿಗೆಯ ಟ್ವಿಸ್ಟ್ ನೋಡಿಕೊ. ಅವನು ಅದನ್ನು ಓದಿ ಒಂದು ಹೆಬ್ಬೆರಳು ಕಳಿಸಿದ.

ನನ್ನ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ತಾಮ್ರ ಇಷ್ಟು ಒಳ್ಳೆಯದಾದರೆ ಜನ ನಾಲ್ಕೈದು ನೂರು ವರ್ಷ ಸೀಸವನ್ನೇ ಯಾಕೆ ಹಿಡಕೊಂಡು ಕೂತಿದ್ದರು? ನಮ್ಮ ಕಡೆಗೇನು ತಾಮ್ರ ಹೊಸದಲ್ಲ. ಬಾದಾಮಿಯ ಚಾಲುಕ್ಯರು ದಾನ ಕೊಟ್ಟ ಊರು-ಹೊಲದ ಲೆಕ್ಕವನ್ನು ತಾಮ್ರದ ಹಲಗೆ ಮೇಲೆ ಕೊರೆಸಿ ಕೊಟ್ಟವರು. ನಮ್ಮ ಮನೆಯ ನೀರು ಕಾಯಿಸೋ ಹಂಡೆಯೂ ತಾಮ್ರದ್ದೇ. ಆದರೆ ಗುಂಡಿಗೆ ಮಾತ್ರ ಸೀಸ.

ಉತ್ತರ ಒಲೆಯಲ್ಲಿದೆ. ಸೀಸ ಕರಗೋದು 327 ಡಿಗ್ರಿಗೆ. ತಾಮ್ರ ಕರಗೋಕೆ 1085 ಡಿಗ್ರಿ ಬೇಕು. ಸೀಸವನ್ನು ಕಬ್ಬಿಣದ ಸೌಟಿನಲ್ಲಿ ಹಾಕಿ ಅಡಿಗೆ ಮನೆಯ ಒಲೆ ಮೇಲೆ ಇಟ್ಟರೂ ಕರಗಿ ನೀರಾಗುತ್ತದೆ. ಅಚ್ಚಿಗೆ ಹೊಯ್ದು ಎರಡು ನಿಮಿಷ ಬಿಟ್ಟರೆ ಗುಂಡು ತಯಾರು. ಇದ್ದಿಲು, ಗಂಧಕ, ಸುಪ್ಪುರಪ್ಪು ಸೇರಿಸಿದರೆ ಮದ್ದು. ಅಂದರೆ ಬಂದೂಕು ಒಂದಿದ್ದರೆ ಮಿಕ್ಕಿದ್ದೆಲ್ಲ ಊರಲ್ಲೇ ಆಗೋ ಕೆಲಸ. ಯಾವ ಕಂಪನಿಗೂ, ಯಾವ ಸರ್ಕಾರಕ್ಕೂ ಕೈ ಚಾಚಬೇಕಾಗಿರಲಿಲ್ಲ.

ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತಿತ್ತು.

ನಮ್ಮ ಸೀಮೆ ಇಂಗ್ಲಿಷರ ಕೈಗೆ ಬಂದಿದ್ದು 1818ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಥಾಮಸ್ ಮನ್ರೋ ಪೇಶ್ವೆಯ ಕಡೆಯವರಿಂದ ಬಾದಾಮಿ ಕೋಟೆ ಗೆದ್ದ, ಅದರ ಬೆನ್ನಿಗೇ ಬಾಗಲಕೋಟೆಯೂ ಬಿತ್ತು. ಅಗಸ್ತ್ಯತೀರ್ಥದ ದಂಡೆ ಮೇಲೆ ಸೆಲ್ಫಿ ತಗೊಳ್ಳುವಾಗ ಹಿಂದೆ ಕಾಣುವ ಬಂಡೆಯ ಮೇಲಿನ ಕೋಟೆ ಅದೇ. ನಾವು ಗುಹಾಲಯ ನೋಡಿ, ಮೇಣಬಸದಿ ಅಂತ ಓದಿ ವಾಪಸ್ ಬರ್ತೀವಿ. 1818ರ ಬಗ್ಗೆ ಯಾವ ಗೈಡೂ ಬಾಯಿ ಬಿಡೋದಿಲ್ಲ. ಅಲ್ಲಿಂದ ಮುಂದೆ ಕಲಾದಗಿಯಲ್ಲಿ ಇಂಗ್ಲಿಷರ ದಂಡು ಬಂದು ಕೂತಿತು. ಪಕ್ಕದ ಮುಧೋಳ ಮಾತ್ರ ಘೋರ್ಪಡೆಯವರ ಸಂಸ್ಥಾನವಾಗಿ ಉಳಿಯಿತು.

1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಅದಕ್ಕೂ ಗುಂಡೇ ನೆಪ ಅನ್ನೋದು ನಿಮಗೆ ಗೊತ್ತು. ಎನ್‌ಫೀಲ್ಡ್ ಅನ್ನೋ ಹೊಸ ರೈಫಲ್ಲಿನ ತೋಟಾಕ್ಕೆ ಕೊಬ್ಬು ಸವರಿದ್ದಾರೆ ಅನ್ನೋ ಸುದ್ದಿ. ಕೊಬ್ಬು ಯಾಕೆ ಬೇಕಿತ್ತು ಅಂತ ನಮ್ಮ ಪಾಠದಲ್ಲಿ ಯಾರೂ ಹೇಳಲಿಲ್ಲ. ಹಳೆಯ ಬಂದೂಕಿನ ನಳಿಗೆ ಒಳಗೆ ನುಣ್ಣಗಿರುತ್ತಿತ್ತು, ದುಂಡನೆ ಸೀಸದ ಗುಂಡು ಅದರೊಳಗೆ ಸಡಿಲವಾಗಿ ಇಳಿಯುತ್ತಿತ್ತು. ನೂರು ಗಜ ದಾಟಿದರೆ ಗುರಿ ದೇವರ ಮೇಲೆ ಭಾರ. ಎನ್‌ಫೀಲ್ಡ್ ನಳಿಗೆಯಲ್ಲಿ ಸುರುಳಿ ಗೀರು ಇತ್ತು, ಗುಂಡು ಉದ್ದಕ್ಕಿತ್ತು. ಫ್ರಾನ್ಸಿನ ಮಿನಿಯೆ ಅನ್ನೋ ಅಧಿಕಾರಿಯ ಹೆಸರಿನಲ್ಲಿ ಬಂದ ಉಪಾಯ ಅದು: ಮೆತ್ತನೆಯ ಸೀಸದ ಗುಂಡಿನ ಬುಡದಲ್ಲಿ ಒಂದು ಪೊಳ್ಳು, ಮದ್ದು ಸಿಡಿದಾಗ ಬುಡ ಅರಳಿ ಗೀರಿಗೆ ಕಚ್ಚಿಕೊಳ್ಳುತ್ತದೆ. ಕಾಗದ ಸುತ್ತಿದ ಆ ಗುಂಡು ನಳಿಗೆಯ ಬಾಯಿಂದ ಸಲೀಸಾಗಿ ಇಳಿಯಲಿ ಅಂತ ಕೊಬ್ಬು. ಇದರಿಂದ ನೂರು ಗಜದ ಬಂದೂಕು ಒಂಬೈನೂರು ಗಜದ ಗುರುತು ಹಾಕಿಕೊಂಡ ರೈಫಲ್ ಆಯಿತು. ಇಷ್ಟಕ್ಕೆಲ್ಲ ಸೀಸದ ಮೆತ್ತನೆ ಗುಣವೇ ಕಾರಣ. ತಾಮ್ರ ಆ ಕೆಲಸ ಮಾಡುತ್ತಿರಲಿಲ್ಲ.

ದಂಗೆಯ ಬಿಸಿಯಲ್ಲೇ, 1857ರಲ್ಲಿ, ಕಂಪನಿ ಸರ್ಕಾರ ಹತಾರದ ಕಾಯ್ದೆ ತಂದಿತು. ನಿಶ್ಶಸ್ತ್ರೀಕರಣ ಕಾಯ್ದೆ ಅಂತ ನಾವು ಪರೀಕ್ಷೆಯಲ್ಲಿ ಬರೆದಿದ್ದು ಅದನ್ನೇ. ಪರವಾನಗಿ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳುವಂತಿಲ್ಲ, ಇದ್ದರೆ ತಂದು ಒಪ್ಪಿಸಬೇಕು. ಮುಧೋಳ ಸಂಸ್ಥಾನಕ್ಕೂ ಆ ಹುಕುಂ ಬಂತು. ಹಲಗಲಿಯ ಬೇಡರು ಕೊಡೋದಿಲ್ಲ ಅಂದರು.

ಹತ್ತನೇ ಇಯತ್ತೆಯಲ್ಲಿ ಕನ್ನಡ ಓದಿದವರಿಗೆಲ್ಲ ಹಲಗಲಿ ಬೇಡರ ಲಾವಣಿ ಗೊತ್ತು. ಆ ಲಾವಣಿ ಕಾಗದಕ್ಕೆ ಇಳಿದು ಉಳಿದಿದ್ದು ಜೆ. ಎಫ್. ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿಯಿಂದ. ಬಾದಾಮಿಯ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವನೂ ಅವನೇ. 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕನ್ನಡದ ಲಾವಣಿಗಳನ್ನು ಪ್ರಕಟಿಸಿದ. ತನ್ನದೇ ಸರ್ಕಾರದ ವಿರುದ್ಧ ಎದ್ದವರ ಹಾಡನ್ನು ಸರ್ಕಾರದ ನೌಕರನೇ ಜೋಪಾನ ಮಾಡಿದ್ದು ನೋಡಿದರೆ ನಗು ಬರುತ್ತದೆ, ಆದರೆ ಅವನಿಲ್ಲದಿದ್ದರೆ ನಮ್ಮ ಪುಸ್ತಕದಲ್ಲಿ ಆ ಪಾಠ ಇರುತ್ತಿತ್ತೋ ಇಲ್ಲವೋ.

ಸಾಲಿಯಲ್ಲಿ ನಮಗೆ ಇದನ್ನು ಶೌರ್ಯದ ಪಾಠವಾಗಿ ಹೇಳಿಕೊಟ್ಟರು. ಜಡಗ, ಬಾಲ, ಹನುಮ, ರಾಮ ಅಂತ ನಾಲ್ಕು ಹೆಸರು ಬಾಯಿಪಾಠ. ಆದರೆ ಬೇಡರಿಗೆ ಬಂದೂಕು ಅಂದರೆ ಏನಾಗಿತ್ತು ಅಂತ ನಾನು ಯೋಚಿಸಿದ್ದೇ ಈ ತಾಮ್ರದ ಲೆಕ್ಕ ಮಾಡುವಾಗ. ಬೇಟೆಯಾಡಿ ಬದುಕಿದ ಜನ, ದೊರೆಗಳಿಗೆ ಕಾವಲು-ದಂಡಿನ ಕೆಲಸ ಮಾಡಿದ ಜನ. ನಮ್ಮ ಅಪ್ಪನಿಂದ ಕೂರಿಗೆ-ನೇಗಿಲು ಕಿತ್ತುಕೊಂಡು, ಬೇಕಾದಾಗ ಅರ್ಜಿ ಹಾಕಿ ತಗೊಂಡು ಹೋಗು ಅಂದರೆ ಹೇಗಿರುತ್ತದೋ ಹಾಗೆ. ಹತಾರ ಹೋದರೆ ಅನ್ನ ಹೋಯ್ತು, ಮರ್ಯಾದೆಯೂ ಹೋಯ್ತು.

1857ರ ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಮ್‌ನ ಕುದುರೆ ದಂಡು ಹಲಗಲಿ ಮೇಲೆ ಬಂತು. ಊರಿಗೆ ಬೆಂಕಿ ಬಿತ್ತು. ನೂರರ ಹತ್ತಿರ ಜನ ಸತ್ತರು, 290 ಜನ ಸೆರೆ ಸಿಕ್ಕರು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನರನ್ನು, 14ಕ್ಕೆ ಹಲಗಲಿಯಲ್ಲೇ ಮತ್ತೆ 6 ಜನರನ್ನು ಗಲ್ಲಿಗೆ ಹಾಕಿದರು. ಎರಡು ವಾರದಲ್ಲಿ ಎಲ್ಲ ಮುಗಿದಿತ್ತು. ಮುಂದಿನ ವರ್ಷ ನರಗುಂದದ ಮೇಲೆ ಬಂದವನೂ ಇದೇ ಮಾಲ್ಕಮ್.

ಈಗ ಸ್ವಲ್ಪ ಇಂಗ್ಲೆಂಡಿಗೆ ಹೋಗಿ ಬರೋಣ, ಯಾಕೆಂದರೆ ನನ್ನ ಗೆಳೆಯನ ಶನಿವಾರದ ಹವ್ಯಾಸ ಹುಟ್ಟಿದ್ದು ಅಲ್ಲಿ, ಹಲಗಲಿಯ ಬೂದಿ ಆರಿದ ಎರಡೂವರೆ ವರ್ಷಕ್ಕೆ. 1860ರ ಜುಲೈನಲ್ಲಿ ಲಂಡನ್ ಹತ್ತಿರದ ವಿಂಬಲ್ಡನ್ ಬಯಲಿನಲ್ಲಿ ಅಲ್ಲಿನ ರೈಫಲ್ ಸಂಘದ ಮೊದಲ ಪಂದ್ಯಾವಳಿ. ಹೌದು, ಟೆನಿಸ್ಸಿನ ವಿಂಬಲ್ಡನ್ನೇ, ಆದರೆ ಟೆನಿಸ್ ಬರೋಕ್ಕಿಂತ ಮೊದಲು. ವಿಕ್ಟೋರಿಯಾ ರಾಣಿ 400 ಗಜ ದೂರದ ಗುರಿಗೆ ಮೊದಲ ಗುಂಡು ಹೊಡೆದು ಉದ್ಘಾಟನೆ ಮಾಡಿದಳು. ರೈಫಲ್ಲನ್ನು ಮೊದಲೇ ಗುರಿಗೆ ಹೊಂದಿಸಿ ಸ್ಟ್ಯಾಂಡಿಗೆ ಬಿಗಿದಿಟ್ಟಿದ್ದರು, ಆಕೆ ಹಗ್ಗ ಎಳೆದದ್ದಷ್ಟೇ. ಗುಂಡು ನಡುವಿಗೇ ಬಿತ್ತು. ಊರೂರಿನ ಗುಮಾಸ್ತರು, ಅಂಗಡಿಯವರು, ವಕೀಲರು ರೈಫಲ್ ಹಿಡಿದು ಗುರಿ ಕಲಿಯಲಿ, ದೇಶಕ್ಕೆ ಆಪತ್ತು ಬಂದರೆ ಬೇಕಾಗುತ್ತದೆ ಅನ್ನೋದು ಆ ಪಂದ್ಯದ ಉದ್ದೇಶ. ಯಾವ ಗುಂಡು ಒಳ್ಳೆಯದು, ಎಷ್ಟು ಟ್ವಿಸ್ಟ್ ಬೇಕು ಅಂತ ನಾಗರಿಕರು ಸೇರಿ ಚರ್ಚೆ ಮಾಡೋದು ಅಲ್ಲಿಂದ ಒಂದು ಸಂಪ್ರದಾಯವೇ ಆಯಿತು. ಅದೇ ರಾಣಿಯ ಹೆಸರಿನಲ್ಲಿ ಇಲ್ಲಿ ಹಳ್ಳಿ ಹಳ್ಳಿಯಲ್ಲಿ ಹತಾರ ಎಣಿಸಿ ತೆಗೆದುಕೊಂಡು ಹೋಗುತ್ತಿದ್ದರು.

ಎಲ್ಲ ಕಡೆಯೂ ಹಾಗೇ ಅಂತಲೂ ಅಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್, ಇದೇ ಕಾಯ್ದೆ ಕೊಡವರಿಗೆ ಅನ್ವಯಿಸೋದಿಲ್ಲ ಅಂತ ಹುಕುಂ ಹೊರಡಿಸಿದ. ಅವರು ಇಂಗ್ಲಿಷರಿಗೆ ನಿಷ್ಠರಾಗಿದ್ದರು, ಸಹಾಯ ಮಾಡಿದ್ದರು ಅನ್ನೋದು ಕಾರಣ. ಆ ವಿನಾಯಿತಿ ರೂಪ ಬದಲಿಸುತ್ತಾ ಇವತ್ತಿಗೂ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋ ನನ್ನ ಕೊಡವ ಕಲೀಗ್ ಇದನ್ನು ಹೆಮ್ಮೆಯಿಂದ ಹೇಳುತ್ತಾನೆ. ಹೇಳಲಿ, ಅದು ಅವನ ಮನೆಯ ಹಬ್ಬ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಂದೇ ಕಾಯ್ದೆಯಿಂದ ಒಂದು ಜಿಲ್ಲೆಗೆ ಗಲ್ಲು, ಇನ್ನೊಂದಕ್ಕೆ ವಿನಾಯಿತಿ ಬಂದಿದ್ದು ಹೇಗೆ ಅಂತ ಒಂದೇ ಪುಟದಲ್ಲಿ ಬರೆದ ಪಠ್ಯಪುಸ್ತಕ ನನಗೆ ಸಿಕ್ಕಿಲ್ಲ.

1878ರಲ್ಲಿ ಬಂದ ದೊಡ್ಡ ಶಸ್ತ್ರಾಸ್ತ್ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ವ್ಯಾಖ್ಯೆಗಳನ್ನು ಓದುವಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ದಂಡಿನ ಸಾಮಾನು ಅನ್ನೋ ಪದದ ಕೆಳಗೆ ಸೀಸ, ಗಂಧಕ, ಸುಪ್ಪುರಪ್ಪು ಮೂರರ ಹೆಸರೂ ಇದೆ. ಸರ್ಕಾರ ಬೇಕೆಂದಾಗ ಇವುಗಳ ಮೇಲೂ ಕಾಯ್ದೆ ಹಾಕಬಹುದು. ಕಾಯ್ದೆ ಬರೆದವರಿಗೆ ಒಲೆಯ ಗುಟ್ಟು ತಿಳಿದಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟರಲ್ಲಿ ಗುಂಡೇ ಒಲೆ ಬಿಟ್ಟು ಹೊರಟಿತು. ಮದ್ದು ಬಲವಾಗುತ್ತಾ ಹೋದ ಹಾಗೆ ಬರಿಯ ಸೀಸ ತಡೆಯಲಿಲ್ಲ. ನಳಿಗೆಯಲ್ಲೇ ಸವೆದು ಮೆತ್ತಿಕೊಳ್ಳುತ್ತಿತ್ತು. 1882ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಊರಿನ ಎಡ್ವರ್ಡ್ ರೂಬಿನ್ ಸೀಸದ ಮೇಲೆ ತಾಮ್ರದ ಅಂಗಿ ತೊಡಿಸಿದ. ನಾಲ್ಕು ವರ್ಷಕ್ಕೆ ಫ್ರಾನ್ಸಿನವರು ಹೊಗೆಯಿಲ್ಲದ ಮದ್ದಿನ ಲೆಬೆಲ್ ರೈಫಲ್ ತಂದರು. ಹೊಗೆಯಿಲ್ಲದ ಮದ್ದು ರಸಾಯನ ಕಾರ್ಖಾನೆಯ ಮಾಲು, ಅದನ್ನು ಊರಲ್ಲಿ ಕುಟ್ಟಿ ಮಾಡೋಕಾಗೋದಿಲ್ಲ. ತಾಮ್ರದ ಅಂಗಿಯೂ ಹಾಗೇ, ಅದಕ್ಕೆ ದೊಡ್ಡ ಪ್ರೆಸ್ ಬೇಕು. ಆ ಅಂಗಿಯ ಮೂತಿ ಹರಿದು ಒಳಗಿನ ಸೀಸ ಅರಳುವ ಹಾಗೆ ಮಾಡಿದ್ದು ನಮ್ಮದೇ ಕಲ್ಕತ್ತೆ ಪಕ್ಕದ ಡಮ್‌ಡಮ್ ಕಾರ್ಖಾನೆಯಲ್ಲಿ. ವಾಯವ್ಯ ಗಡಿಯ ಪಠಾಣರ ಮೇಲೆ ಬಳಸಿದ ಆ ಗುಂಡು ಎಷ್ಟು ಕೆಟ್ಟದಾಗಿ ಗಾಯ ಮಾಡುತ್ತಿತ್ತೆಂದರೆ 1899ರಲ್ಲಿ ಹೇಗ್ ಸಮ್ಮೇಳನದಲ್ಲಿ ಅಂಥವನ್ನು ಯುದ್ಧದಲ್ಲಿ ಬಳಸಬಾರದು ಅಂತ ಘೋಷಣೆ ಆಯಿತು. ಒಂದು ಭಾರತೀಯ ಊರಿನ ಹೆಸರು ಜಗತ್ತಿನ ನಿಘಂಟುಗಳಿಗೆ ಸೇರಿದ್ದು ಹೀಗೆ.

ಇನ್ನು ಪೂರ್ತಿ ತಾಮ್ರ. ಅದು ಹೊಸ ಫ್ಯಾಷನ್ ಅಂತ ನನ್ನ ಗೆಳೆಯ ತಿಳಿದಿದ್ದ. 1898ರಲ್ಲೇ ಫ್ರಾನ್ಸಿನ ಸೈನ್ಯ 'ಬಾಲ್ ಡೆ' ಅನ್ನೋ ಗುಂಡು ತಂದಿತ್ತು: ಸೀಸವೇ ಇಲ್ಲ, ನೂರಕ್ಕೆ 90 ತಾಮ್ರ, 10 ಸತು, ತೂಕ 12.8 ಗ್ರಾಂ, ಚೂಪು ಮೂತಿ, ದೋಣಿಯ ಬಾಲ. ಇವತ್ತಿನ ದುಬಾರಿ ಗುಂಡಿನ ಮೈಕಟ್ಟು ಹೆಚ್ಚುಕಡಿಮೆ ಅದೇ. ಮಧ್ಯದಲ್ಲಿ ಸೀಸ ಅಗ್ಗ ಅಂತ ಜಗತ್ತು ಅದನ್ನು ಮರೆಯಿತು. ಮತ್ತೆ ತಾಮ್ರ ಬಂದಿದ್ದು 1980ರ ದಶಕದ ಕೊನೆಗೆ ಅಮೆರಿಕದ ಬೇಟೆಗಾರರಿಗಾಗಿ. ಆಮೇಲೆ ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಬೇಟೆಗಾರರು ಬಿಟ್ಟುಹೋದ ಮಾಂಸದಲ್ಲಿನ ಸೀಸದ ಚೂರು ತಿಂದು ಸಾಯುತ್ತಿವೆ ಅಂತ ಗೊತ್ತಾಗಿ, ಅಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದರು. ಗುರಿ ಹೊಡೆಯುವವರು ಮಾತ್ರ ಹದ್ದಿಗಾಗಿ ಬದಲಿಸಿದವರಲ್ಲ. ಅವರಿಗೆ ಬೇಕಾಗಿದ್ದು ಒಂದೇ ನಮೂನಿ ಕಲ್ಲು.

ಇದನ್ನೆಲ್ಲ ಒಂದು ರಾತ್ರಿ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಅವನ ತಾಯಿಯ ತವರು ಮುಧೋಳದ ಕಡೆ, ಬೇಡರ ಮನೆತನ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಾ ಗುಂಡು ಆರ್ಡರ್ ಮಾಡಿದ್ರ ಕೊರಿಯರ್‌ನವ ಬಾಗಲಕ್ಕ ಇಟ್ಟು ಹೋಗ್ತಾನ್ಲೇ. ಸಹೀನೂ ಕೇಳಂಗಿಲ್ಲ," ಅಂದ. ಅವನು ಹೆಮ್ಮೆಯಿಂದ ಹೇಳಿದನೋ ಬೇಜಾರಿನಿಂದ ಹೇಳಿದನೋ ನನಗೆ ತಿಳಿಯಲಿಲ್ಲ. ಅವನ ಮಗಳ ಸಾಲಿಯಲ್ಲಿ ಗುಂಡಿನ ದಾಳಿ ಆದರೆ ಹೇಗೆ ಬಚ್ಚಿಟ್ಟುಕೊಳ್ಳಬೇಕು ಅಂತ ತಿಂಗಳಿಗೊಮ್ಮೆ ಅಭ್ಯಾಸ ಮಾಡಿಸುತ್ತಾರೆ, ಅದನ್ನೂ ಅವನೇ ಹೇಳಿದ್ದು. ಹಾಗಾಗಿ ಅಲ್ಲಿನ ಹಾಗೆ ಇಲ್ಲೂ ಇರಲಿ ಅಂತ ನಾನು ಅನ್ನೋದಿಲ್ಲ. ಲೈಸನ್ಸ್ ಇರಬೇಕು ಅನ್ನೋದೇ ನನ್ನ ಅಭಿಪ್ರಾಯ. ಆದರೆ ನಮ್ಮ ಲೈಸನ್ಸಿನ ಬೇರು ಎಲ್ಲಿದೆ ಅಂತ ತಿಳಿದ ಮೇಲೆ ಅದನ್ನು ಬರೀ ಒಂದು ಫಾರಂ ಅಂತ ನೋಡೋಕೆ ಆಗುತ್ತಿಲ್ಲ.

ನಮ್ಮ ಅಜ್ಜನ ಹತ್ತಿರವೂ ಒಂದು ಬಂದೂಕಿತ್ತು. ನಳಿಗೆಯ ಬಾಯಿಂದ ಮದ್ದು ತುಂಬೋ ಹಳೆಯದು, ಲೈಸನ್ಸ್ ಇತ್ತು. ಹಂದಿ ಶೇಂಗಾ ಹೊಲಕ್ಕೆ ನುಗ್ಗಿದಾಗ ಗಾಳಿಗೆ ಒಂದು ಹಾರಿಸುತ್ತಿದ್ದ. ಇಲೆಕ್ಷನ್ ಬಂದಾಗೆಲ್ಲ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದು ಒಪ್ಪಿಸಬೇಕು, ಮುಗಿದ ಮೇಲೆ ಚೀಟಿ ತೋರಿಸಿ ತರಬೇಕು. ಒಂದು ಇಲೆಕ್ಷನ್‌ಗೆ ಒಯ್ದದ್ದು ವಾಪಸ್ ಬರಲಿಲ್ಲ. ಲೈಸನ್ಸ್ ನವೀಕರಣದ ದಿನ ದಾಟಿತ್ತು, ಅಜ್ಜನಿಗೆ ಕಣ್ಣು ಮಂಜಾಗಿತ್ತು, ನಾಲ್ಕು ಸಲ ಅಲೆದು ಕೈಬಿಟ್ಟ. "ಇರಲಿ ಬಿಡು, ಕವಣಿ ಐತಲ್ಲ" ಅಂದಿದ್ದು ನೆನಪಿದೆ.

ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಅಜ್ಜನ ಟ್ರಂಕು ತೆಗೆದೆ. ಹಳೆಯ ಪಹಣಿ, ಒಂದು ಧೋತರ, ಅದರ ಕೆಳಗೆ ಅಂಗೈಯಗಲದ ಒಂದು ಸೀಸದ ಗಟ್ಟಿ. ಅಚ್ಚು ಇರಲಿಲ್ಲ. ಅವ್ವನನ್ನು ಕೇಳಿದೆ, ಇಕ್ಕಳದ ಹಾಗಿರ್ತದ, ಬಾಯೊಳಗ ದುಂಡನೆ ಕುಳಿ ಇರ್ತದ ಅಂತ ಕೈಯಲ್ಲಿ ಮಾಡಿ ತೋರಿಸಿದೆ. ಅವ್ವ ಅಡಿಗೆ ಮನೆಗೆ ಹೋಗಿ ತಂದು ಕೊಟ್ಟಳು. ಇಷ್ಟು ವರ್ಷ ಅದು ಬಾಯಿ ಮೊಂಡಾದ ಅಡಕೊತ್ತು ಅಂತ ತಿಳಿದು ಬಾದಾಮಿ ಒಡೆಯೋಕೆ ಇಟ್ಟುಕೊಂಡಿದ್ದಳಂತೆ.

ಗೆಳೆಯನಿಗೆ ಫೋಟೋ ಕಳಿಸಿದೆ. ಕುಳಿ ಎಷ್ಟಗಲ ಇದೆ ಅಳೆದು ಹೇಳು ಅಂದ. ತಮ್ಮನ ಐಟಿಐ ವರ್ನಿಯರ್‌ನಿಂದ ಅಳೆದೆ. ಒಂದು ಕಡೆಯಿಂದ 15.8 ಮಿಲಿಮೀಟರ್, ತಿರುಗಿಸಿ ಅಳೆದರೆ 16.2. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಲ್ಲು ಮಾತ್ರ ಒಂದ ನಮೂನಿ ಇರಬೇಕು ಅಂತಿದ್ನೇನ್ಲೇ ನಿಮ್ಮಜ್ಜ?"

ಬೆಂಗಳೂರಿಗೆ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ತೆಗೆದು ಓದಿದೆ. ಎರಡನೇ ಸೆಕ್ಷನ್ನಿನಲ್ಲಿ ಮದ್ದುಗುಂಡು ಅಂದರೆ ಏನು ಅಂತ ಪಟ್ಟಿ ಇದೆ. ಮದ್ದುಗುಂಡು ತಯಾರಿಸುವ ಯಂತ್ರಸಾಧನವೂ ಅದರಲ್ಲಿ ಸೇರಿದೆ. ಎರಡು ಸಲ ಓದಿದೆ. ಆಮೇಲೆ ಅವ್ವನಿಗೆ ಫೋನ್ ಮಾಡಿ ಆ ಇಕ್ಕಳ ಎಲ್ಲಿಟ್ಟೀ ಅಂತ ಕೇಳಿದೆ.

"ಅಲ್ಲೇ ಒಲಿ ಕಟ್ಟಿ ಮ್ಯಾಲ ಐತಿ. ಯಾಕಪಾ, ನಿನಗ ಬೇಕೇನು?"

ಏನು ಹೇಳಬೇಕು ಅಂತ ತಿಳಿಯದೆ, ಬೇಡ, ಅಲ್ಲೇ ಇರಲಿ ಅಂದೆ.